ಡ್ಯೂಕ್ ಮನೆಗೆ ರಾಗಿ ಹೋದದ್ದು

ಇಂಗ್ಲೆಂಡಿನಲ್ಲಿ ಡ್ಯೂಕ್ ಪದವಿಯ ಮನೆತನವೊಂದರ ಅರಮನೆಯಂಥ ಬಂಗಲೆ ಚಾಟ್ಸ್‌ವರ್ತ್. ಅಲ್ಲಿಗೆ ನಾಯಿ ಕರೆದುಕೊಂಡು ಹೋಗಬಹುದು, ಆದರೆ ಮನೆಯೊಳಗೆ ಬಿಡುವುದಿಲ್ಲ. ತೋಟಕ್ಕೆ ಬಿಡುತ್ತಾರೆ, ಸುತ್ತಲಿನ ಹುಲ್ಲುಗಾವಲಿಗೆ ಬಿಡುತ್ತಾರೆ, ಹಿಂದಿನ ಗುಡ್ಡದ ಕಾಡಿಗೂ ಬಿಡುತ್ತಾರೆ. ಲೀಶ್ ಮಾತ್ರ ಕೈಯಲ್ಲೇ ಇರಬೇಕು, ಅದೂ ಗಿಡ್ಡದಾಗಿ. ಮಕ್ಕಳಿಗೆ ಕುರಿ, ಹಂದಿ, ಕೋಳಿ ತೋರಿಸುವ ಕೊಟ್ಟಿಗೆ ಕಡೆಗೂ ನಾಯಿ ಹೋಗುವಂತಿಲ್ಲ. ಕಣ್ಣು ಕಾಣದವರಿಗೆ ದಾರಿ ತೋರಿಸುವಂಥ ಸಹಾಯಕ ನಾಯಿಗಳಿಗೆ ಮಾತ್ರ ಒಳಗೆ ಪ್ರವೇಶ. ಇಷ್ಟು ತಿಳಿದುಕೊಂಡರೆ ಅರ್ಧ ತಯಾರಿ ಮುಗಿದ ಹಾಗೆ. ಉಳಿದರ್ಧ, ಮನೆ ನೋಡೋಕೆ ಮೊದಲು ಯಾರು, ನಾಯಿ ಹಿಡ್ಕೊಂಡು ಹೊರಗೆ ಯಾರು ಅನ್ನೋ ಜಗಳ.

ನಾವಿರುವುದು ಶೆಫೀಲ್ಡ್‌ನಲ್ಲಿ. ಡರ್ಬಿಶೈರ್‌ನ ಈ ಬಂಗಲೆ ನಮಗೆ ದೂರವೇನಲ್ಲ. ಆದರೂ ಹೋಗುವುದು ಮುಂದಕ್ಕೆ ಹೋಗುತ್ತಲೇ ಇತ್ತು. ಈ ಮೇ ತಿಂಗಳಲ್ಲಿ ತಿಪಟೂರಿನಿಂದ ಅಮ್ಮ ಬಂದಿದ್ದರು. ಅವರಿಗೆ ಅರಮನೆ ತೋರಿಸಬೇಕು, ರಾಗಿಯನ್ನು ದಿನವಿಡೀ ಮನೆಯಲ್ಲಿ ಕೂಡಿಹಾಕಲು ಮನಸ್ಸಿಲ್ಲ. ರಾಗಿ ನಮ್ಮ ಬೀಗಲ್ ಜಾತಿಯ ನಾಯಿ. ಕಂದು ಬಣ್ಣ ನೋಡಿ ಇಟ್ಟ ಹೆಸರು. ಅಮ್ಮನ ಪ್ರಕಾರ ನಾಯಿ ಇರಬೇಕಾದ್ದು ಅಂಗಳದಲ್ಲಿ. ಅದಕ್ಕೊಂದು ಹಾಸಿಗೆ, ರೇನ್‌ಕೋಟು, ಹಲ್ಲುಜ್ಜುವ ಪೇಸ್ಟು ಇರುವುದು ಅವರಿಗೆ ಇನ್ನೂ ಒಗ್ಗಿರಲಿಲ್ಲ.

ಚೀಲ ತುಂಬಿದ್ದು ಮುಕ್ಕಾಲು ಪಾಲು ರಾಗಿಯ ಸಾಮಾನೇ. ಮಡಚುವ ನೀರಿನ ಬಟ್ಟಲು, ಕಕ್ಕ ತುಂಬುವ ಕವರುಗಳ ಸುರುಳಿ, ಹಳೆ ಟವೆಲ್ಲು, ಉಣುಗು ಕೀಳುವ ಪ್ಲಾಸ್ಟಿಕ್ ಕೊಕ್ಕೆ. ಉದ್ದಕ್ಕೆ ಬಿಚ್ಚಿಕೊಳ್ಳುವ ಲೀಶ್ ಬೇಡ ಅಂತ ಮನೆಯಲ್ಲೇ ಬಿಟ್ಟೆವು. ಮನುಷ್ಯರಿಗೆ ಚಿತ್ರಾನ್ನ, ಬಾಳೆಹಣ್ಣು, ಫ್ಲಾಸ್ಕಿನಲ್ಲಿ ಕಾಫಿ. ಬಸ್ಸಿನಲ್ಲಿ ನಾಯಿ ಹತ್ತಿಸುವುದು ಡ್ರೈವರ್ ಮರ್ಜಿ. ಆವತ್ತಿನ ಡ್ರೈವರ್ ರಾಗಿಗೆ ಮೊದಲು ಹಲೋ ಹೇಳಿ ಆಮೇಲೆ ನಮ್ಮ ಟಿಕೆಟ್ ನೋಡಿದರು.

ಬಸ್ಸು ಬಂಗಲೆ ಬಾಗಿಲವರೆಗೂ ಹೋಗುತ್ತದೆ, ಆದರೆ ನಾವು ಬ್ಯಾಸ್ಲೋ ಹಳ್ಳಿಯಲ್ಲೇ ಇಳಿದೆವು. ಅಲ್ಲಿಂದ ಡರ್ವೆಂಟ್ ನದಿಯ ಪಕ್ಕ ಎರಡು ಚಿಲ್ಲರೆ ಕಿಲೋಮೀಟರ್ ಸಮತಟ್ಟಾದ ದಾರಿ. ನಾಯಿ ಇರುವವರಿಗೆ ನಾನು ಇದನ್ನೇ ಹೇಳುವುದು. ಕಾರು ನಿಲ್ಲಿಸಿ ಸೀದಾ ಟಿಕೆಟ್ ಕ್ಯೂನಲ್ಲಿ ನಿಂತರೆ ನಾಯಿಗೆ ತಲೆಕೆಟ್ಟಿರುತ್ತದೆ. ಮೊದಲು ನಡೆಸಿ, ಮೂಸಲು ಬಿಡಿ, ಆಮೇಲೆ ಅದೇ ಸುಮ್ನೆ ಕೂರುತ್ತೆ. ಒಂದೇ ಎಚ್ಚರಿಕೆ: ದನಕುರಿ ದಾಟದಿರಲಿ ಅಂತ ದಾರಿಗೆ ಅಡ್ಡಲಾಗಿ ಕಬ್ಬಿಣದ ಸರಳು ಹಾಸಿದ ಕಡೆ ನಾಯಿಯ ಕಾಲು ಸಿಕ್ಕಿಹಾಕಿಕೊಳ್ಳುತ್ತದೆ. ಪಕ್ಕದಲ್ಲಿ ಸಣ್ಣ ಗೇಟು ಇರುತ್ತದೆ, ಅದರಲ್ಲಿ ಹೋಗಿ.

ಗೇಟು ದಾಟಿದ ಕೂಡಲೇ ಕುರಿಗಳು. ಒಂದೆರಡಲ್ಲ, ಕಣ್ಣು ಹಾಯಿಸಿದಷ್ಟು ದೂರ. ಜೊತೆಗೆ ಮರಿಗಳು. ರಾಗಿಯ ಮೂಗು ನೆಲಕ್ಕೆ ಅಂಟಿತು, ಬಾಲ ನೆಟ್ಟಗಾಯಿತು, ಗಂಟಲಿನಿಂದ ಬೀಗಲ್‌ಗಳ ಆ ಊಳು ಶುರುವಾಯಿತು. ಲೀಶನ್ನು ಕೈಗೆ ಎರಡು ಸುತ್ತು ಬಿಗಿದುಕೊಂಡೆ. ಇಲ್ಲಿ ಇದು ತಮಾಷೆಯ ವಿಷಯವಲ್ಲ. ನಾಯಿ ಕುರಿಯನ್ನು ಓಡಿಸಿದರೆ ಅದರ ಒಡೆಯನ ಮೇಲೆ ಕೇಸು ಹಾಕಲು 1953ರಿಂದಲೂ ಕಾನೂನಿದೆ. ಬೇರೆ ದಾರಿಯೇ ಇಲ್ಲದಿದ್ದರೆ ರೈತ ನಾಯಿಗೆ ಗುಂಡು ಹೊಡೆದರೂ ಕಾನೂನು ಅವನ ಪರ ನಿಲ್ಲಬಹುದು. ಕಚ್ಚಬೇಕೆಂದೇನೂ ಇಲ್ಲ. ಗಬ್ಬದ ಕುರಿ ಬೆದರಿ ಓಡಿದರೆ ಸಾಕು, ಮರಿ ಹೋಗಬಹುದು. ದನಗಳಿರುವ ಕಡೆ ಮಾತ್ರ ಬುದ್ಧಿಮಾತು ತಿರುಗಾಮುರುಗಾ. ದನಗಳು ನುಗ್ಗಿ ಬಂದರೆ ಲೀಶ್ ಬಿಟ್ಟುಬಿಡಿ ಅನ್ನುತ್ತಾರೆ. ಅವು ಬರುವುದು ನಾಯಿಯ ಮೇಲೆ, ನಾಯಿ ಓಡಿ ತಪ್ಪಿಸಿಕೊಳ್ಳುತ್ತದೆ, ನಮಗೆ ಅಷ್ಟು ಜೋರು ಕಾಲಿಲ್ಲ.

ತಿರುವು ಕಳೆದು ಬಂಗಲೆ ಕಂಡಾಗ ಅಮ್ಮ ನಿಂತರು. ಹೊಳೆ, ಹೊಳೆಗೆ ಮೂರು ಕಮಾನಿನ ಕಲ್ಲುಸೇತುವೆ, ಆಚೆ ಜೇನಿನ ಬಣ್ಣದ ಕಲ್ಲಿನ ದೊಡ್ಡ ಕಟ್ಟಡ, ಹಿಂದೆ ಕಾಡು ತುಂಬಿದ ಗುಡ್ಡ.

‘ಅರಮನೆ ಮುಂದೆ ಕುರಿ ಮೇಯಿಸ್ತಾರಲ್ಲೇ!’ ಅಂದರು.

ಕುರಿ ಇರುವುದಕ್ಕೇ ಆ ಹುಲ್ಲು ಹಾಗಿರುವುದು. ಈ ನೋಟವೂ ತಾನಾಗಿ ಬೆಳೆದದ್ದಲ್ಲ. 1760ರ ದಶಕದಲ್ಲಿ ಕೇಪಬಿಲಿಟಿ ಬ್ರೌನ್ ಅನ್ನುವ ಹೆಸರಾಂತ ತೋಟಗಾರ ನೆಲ ತಿದ್ದಿ, ಮರ ನೆಟ್ಟು ಮಾಡಿಸಿದ್ದು. ಆಮೇಲೆ, 1830ರ ದಶಕದ ಕೊನೆಯಲ್ಲಿ, ಆರನೇ ಡ್ಯೂಕ್ ಎಡೆನ್ಸರ್ ಹಳ್ಳಿಯ ಮನೆಗಳನ್ನು ಕಿತ್ತು, ಕಣ್ಣಿಗೆ ಬೀಳದ ಹಾಗೆ ಪಕ್ಕದಲ್ಲಿ ಹೊಸದಾಗಿ ಕಟ್ಟಿಸಿದ. ಹಳ್ಳಿಯವರಿಗೆ ಒಳ್ಳೆ ಮನೆಗಳೇ ಸಿಕ್ಕವು, ನಿಜ. ಆದರೂ ನೋಟಕ್ಕೆ ಅಡ್ಡ ಬರುತ್ತೆ ಅಂತ ಊರನ್ನೇ ಸರಿಸುವ ಗತ್ತು ಇದೆಯಲ್ಲ, ಅದು ನನಗೆ ಇಡೀ ದಿನ ತಲೆಯಲ್ಲಿತ್ತು.

ಇನ್ನೂ ಹತ್ತಿರ ಬಂದಾಗ ಬಿಸಿಲಿಗೆ ಕಿಟಕಿ ಚೌಕಟ್ಟುಗಳು ಮಿನುಗಿದವು. ಚಿನ್ನದ ರೇಕು ಹಚ್ಚಿದ್ದಾರೆ. ‘ಕಿಟಕಿಗೂ ಚಿನ್ನ ಹಾಕಿದಾರೆ ನೋಡೇ, ಹೊರಗಡೆಯಿಂದ! ಮಳೆಗೆ ಹೋಗಲ್ವಾ?’ ಅಮ್ಮನಿಗೆ ಅದೇ ಚಿಂತೆ.

ಮೊದಲ ಪಾಳಿ ನನ್ನ ಗಂಡನಿಗೆ ಮತ್ತು ಅಮ್ಮನಿಗೆ ಬಿತ್ತು. ‘ಅತ್ತೆ, ಮೆಟ್ಟಿಲು ಜಾಸ್ತಿ ಇದಾವೆ, ನಿಧಾನಕ್ಕೆ ಬನ್ನಿ’ ಅಂತ ಅವರು ಕರೆದುಕೊಂಡು ಹೋದರು. ನಾನೂ ರಾಗಿಯೂ ತೋಟದ ಬೆಂಚಿಗೆ.

ನಾಯಿ ಜೊತೆ ಕೂತರೆ ಇಂಗ್ಲೆಂಡೇ ಬೇರೆ. ವರ್ಷಗಟ್ಟಲೆ ಪಕ್ಕದ ಮನೆಯಲ್ಲಿದ್ದೂ ‘ಮಳೆ ಬರೋ ಹಾಗಿದೆ’ ಅನ್ನುವುದರಾಚೆ ಮಾತಾಡದ ಜನ ಇವರು. ನಾಯಿ ಕಂಡರೆ ಮಾತ್ರ ಬಂದು ಮೊಣಕಾಲೂರಿ ಕೂರುತ್ತಾರೆ. ರಾಗಿಯ ಹೆಸರು, ವಯಸ್ಸು, ಊಟ, ಹೊಟ್ಟೆಯ ಸ್ಥಿತಿ ಎಲ್ಲ ವಿಚಾರಿಸುತ್ತಾರೆ. ನನ್ನ ಹೆಸರು ಯಾರೂ ಕೇಳಲಿಲ್ಲ. ಒಬ್ಬ ಅಜ್ಜಿ ತಮ್ಮ ಮುದಿ ಸ್ಪ್ಯಾನಿಯಲ್ ಜೊತೆ ಪಕ್ಕದಲ್ಲೇ ಕೂತರು. ವಾರಕ್ಕೊಮ್ಮೆ ಬರುತ್ತಾರಂತೆ, ಮನೆಯೊಳಗೆ ಹೋಗಿ ಎಷ್ಟೋ ವರ್ಷವಾಯಿತಂತೆ. ‘ಒಳಗಿರೋದು ಅವರದು, ಹೊರಗಿರೋದು ನಮ್ಮದು’ ಅಂದರು ನಗುತ್ತಾ. ನಾಯಿಗೆ ನೀರು ಎಲ್ಲಿ ಸಿಗುತ್ತೆ, ಯಾವ ಹಾದಿಯಲ್ಲಿ ಮೆಟ್ಟಿಲು ಕಮ್ಮಿ ಅಂತ ಹೇಳಿಕೊಟ್ಟವರೂ ಅವರೇ.

ತೋಟದಲ್ಲಿ ನನಗೆ ಇಷ್ಟವಾದದ್ದು ಹೂವಲ್ಲ, ನೀರಿನ ಕೆಲಸ. ಮನೆಯ ದಕ್ಷಿಣಕ್ಕೆ ಉದ್ದನೆಯ ಕೊಳ, ಅದರಲ್ಲಿ ಎಂಪರರ್ ಕಾರಂಜಿ. ರಷ್ಯಾದ ದೊರೆ ಮೊದಲನೇ ನಿಕೊಲಾಸ್ ಬರುತ್ತಾನೆ ಅಂತ 1844ರಲ್ಲಿ ತರಾತುರಿಯಲ್ಲಿ ಮಾಡಿಸಿದ್ದು. ಪಂಪು ಇಲ್ಲ. ಗುಡ್ಡದ ಮೇಲೆ, ಸುಮಾರು 350 ಅಡಿ ಎತ್ತರದಲ್ಲಿ ಒಂದು ಕೆರೆ ತೋಡಿ, ಅಲ್ಲಿಂದ ಕೊಳವೆಯಲ್ಲಿ ನೀರು ಬಿಟ್ಟರು. ಆ ಇಳಿಜಾರಿನ ಒತ್ತಡಕ್ಕೇ ನೀರು ಚಿಮ್ಮಬೇಕು. 296 ಅಡಿ ಚಿಮ್ಮಿದ್ದೂ ದಾಖಲೆಯಲ್ಲಿದೆ. ಆ ಸಲ ದೊರೆ ಮಾತ್ರ ಇಲ್ಲಿಗೆ ಬರಲೇ ಇಲ್ಲ. ನಾವು ಹೋದ ದಿನ ಕಾರಂಜಿ ಅಷ್ಟೆತ್ತರ ಹೋಗಲಿಲ್ಲ, ಆದರೂ ಗಾಳಿ ತಿರುಗಿದಾಗ ಹನಿ ಬಂದು ರಾಗಿಯ ಮೂಗಿಗೆ ಬಿತ್ತು. ಅವಳು ಆಕಾಶ ನೋಡಿ ಬೊಗಳಿದಳು.

ಎಲ್ಲರೂ ಹೊಗಳುವ ಕ್ಯಾಸ್ಕೇಡ್ ಒಣಗಿತ್ತು. ಗುಡ್ಡದಿಂದ 24 ಅಗಲ ಮೆಟ್ಟಿಲುಗಳ ಮೇಲೆ ನೀರಿಳಿಯುವ ವ್ಯವಸ್ಥೆ ಅದು. ಒಂದೊಂದು ಮೆಟ್ಟಿಲಿನ ಕಲ್ಲು ಒಂದೊಂದು ಥರ, ಹಾಗಾಗಿ ಸದ್ದೂ ಬೇರೆ ಬೇರೆ. ಮುನ್ನೂರು ವರ್ಷದ ಕಲ್ಲು, ನೀರು ಸೋರಿ ಹೋಗುತ್ತಿದೆ, ದುರಸ್ತಿಗೆ ನಿಲ್ಲಿಸಿದ್ದಾರೆ. ಬೇಜಾರಾಯಿತು. ಅದರ ಬದಲು ವಿಲೋ ಮರದ ಕಾರಂಜಿ ಸಿಕ್ಕಿತು. ನೋಡೋಕೆ ಎಲೆಯಿಲ್ಲದ ಒಂದು ಸಾಧಾರಣ ಮರ. ಹತ್ತಿರ ಹೋದರೆ ಕೊಂಬೆ ತುದಿಗಳಿಂದ ನೀರು ಚಿಮ್ಮುತ್ತದೆ. ಇಡೀ ಮರವೇ ಲೋಹದ್ದು. 1690ರ ದಶಕದಿಂದಲೂ ಇಲ್ಲಿ ಇಂಥದ್ದೊಂದು ಮರ ಬಂದವರನ್ನು ನೆನೆಸುತ್ತಲೇ ಇದೆ. ಈಗಿರುವುದು ಹಳೆಯದರ ಜಾಗದಲ್ಲಿ ಬಂದದ್ದು. ವಿಕ್ಟೋರಿಯಾ 1832ರಲ್ಲಿ, ಇನ್ನೂ ಹದಿಮೂರರ ಹುಡುಗಿಯಾಗಿದ್ದಾಗ, ಇದನ್ನು ನೋಡಿ ಖುಷಿಪಟ್ಟಿದ್ದಳಂತೆ. ರಾಗಿಗೆ ಖುಷಿಯಾಗಲಿಲ್ಲ. ಮರ ಅಂದರೆ ಅವಳ ಪಾಲಿಗೆ ಕಾಲೆತ್ತುವವರ ಸುದ್ದಿ ಓದುವ ಜಾಗ. ಬುಡಕ್ಕೆ ಮೂಗು ಇಟ್ಟಳು, ಮೂಸಿದಳು, ಯಾವ ವಾಸನೆಯೂ ಸಿಗದೆ ನನ್ನ ಮುಖ ನೋಡಿದಳು. ಅಷ್ಟರಲ್ಲಿ ಬೆನ್ನ ಮೇಲೆ ನೀರು. ಒಂದೇ ನೆಗೆತಕ್ಕೆ ನನ್ನ ಕಾಲುಗಳ ನಡುವೆ.

ಕಾಲು ಗಂಟೆಯಲ್ಲಿ ಬರುತ್ತೇವೆ ಅಂದವರು ಒಂದು ಗಂಟೆ ಕಳೆದ ಮೇಲೆ ಬಂದರು. ಅಮ್ಮನ ಮುಖದಲ್ಲಿ ದಣಿವು. ‘ಚಾವಣಿ ನೋಡಿ ನೋಡಿ ಕತ್ತು ಹಿಡ್ಕೊಂತು ಕಣೇ. ಅಷ್ಟು ದೊಡ್ಡ ಮನೇಲಿ ಅಡುಗೆಮನೆ ಎಲ್ಲೈತೆ ಅಂತ ಯಾರೂ ತೋರಿಸಲಿಲ್ಲ.’

ನನ್ನ ಪಾಳಿಯಲ್ಲಿ ನಾನು ಬೇಗ ಬೇಗ ಹೆಜ್ಜೆ ಹಾಕಿದೆ. ಪೇಂಟೆಡ್ ಹಾಲ್‌ನಲ್ಲಿ ಗೋಡೆ, ಚಾವಣಿ ತುಂಬ ಜೂಲಿಯಸ್ ಸೀಸರ್. ಮೇಲಿನ ಮಹಡಿಯ ಕೋಣೆಗಳು ರಾಜ ವಿಲಿಯಂ, ರಾಣಿ ಮೇರಿ ಬರುತ್ತಾರೆಂದು ಸಿಂಗರಿಸಿದ್ದವು. ಅವರೂ ಬರಲಿಲ್ಲ. ಈ ಮನೆಯವರಿಗೆ ದೊರೆಗಳ ಋಣ ಇರಲಿಲ್ಲ ಅಂತ ಕಾಣುತ್ತೆ. ಒಂದು ಬಾಗಿಲ ಮೇಲೆ ಪಿಟೀಲು ನೇತುಹಾಕಿದೆ. ನೇತುಹಾಕಿಲ್ಲ, ಬಿಡಿಸಿದ್ದಾರೆ. ತಂತಿಯ ನೆರಳಿನ ಸಮೇತ.

ತಮಾಷೆ ಏನೆಂದರೆ, ನಾಯಿಗೆ ಪ್ರವೇಶವಿಲ್ಲದ ಮನೆಯಲ್ಲಿ ನಾಯಿಗಳಿಗೇನೂ ಬರವಿಲ್ಲ. ಶಿಲ್ಪಗಳ ಹಾಲ್‌ನಲ್ಲಿ ಕನೋವಾ ಕೆತ್ತಿದ, ಗ್ರೀಕ್ ಪುರಾಣದ ಚೆಲುವ ಎಂಡಿಮಿಯನ್ ಅಮೃತಶಿಲೆಯಲ್ಲಿ ಮೈಮರೆತು ಮಲಗಿದ್ದಾನೆ, ಅವನ ಕಾಲ ಬಳಿ ನಾಯಿ ತಲೆಯೆತ್ತಿ ಕಾಯುತ್ತಿದೆ. ಎಲ್ಲರೂ ಆ ಸುಂದರನನ್ನು ನೋಡುತ್ತಾರೆ. ನಾನು ನಾಯಿಯ ಕತ್ತಿನ ನರಗಳನ್ನೇ ನೋಡುತ್ತಾ ನಿಂತೆ. ಯಾರೋ ಬರುವ ಸದ್ದು ಕೇಳಿದಾಗ ರಾಗಿ ತಲೆ ಎತ್ತುವುದೂ ಹೀಗೇ. ಆರನೇ ಡ್ಯೂಕ್ ಕೊಂಡ ಲ್ಯಾಂಡ್‌ಸೀರ್‌ನ ಒಂದು ಚಿತ್ರವೂ ಈ ಮನೆಯವರ ಸಂಗ್ರಹದಲ್ಲಿದೆ: ಕೋರ್ಟಿನ ದೃಶ್ಯ, ನ್ಯಾಯಾಧೀಶನ ಜಾಗದಲ್ಲಿ ಬಿಳಿ ಪೂಡಲ್, ಸುತ್ತ ವಕೀಲರ ಹಾಗೆ ಬೇರೆ ಬೇರೆ ಜಾತಿಯ ನಾಯಿಗಳು. ಚಿತ್ರ ಮುಗಿದ ಮೇಲೆ ಡ್ಯೂಕ್ ತನ್ನ ಸ್ಪ್ಯಾನಿಯಲ್ಲನ್ನೂ ಅದರಲ್ಲಿ ಸೇರಿಸಿದ. ಸಿಫಾರಸು ಎಲ್ಲ ಕಾಲಕ್ಕೂ ಇದ್ದದ್ದೇ.

ಊಟಕ್ಕೆ ಹೊಳೆ ದಡಕ್ಕೆ ಇಳಿದೆವು. ಕೂರುವ ಮುಂಚೆ ಕುರಿ ಹಿಕ್ಕೆ ನೋಡಿಕೊಳ್ಳಬೇಕು. ಎಲ್ಲ ಕಡೆ ಇರುತ್ತದೆ, ನಾಯಿಗಳಿಗೆ ಅದು ಪಕೋಡ. ಅಮ್ಮ ಚಿತ್ರಾನ್ನ ಬಡಿಸಿ, ಬಾಳೆಹಣ್ಣು ಸುಲಿದು ರಾಗಿಗೂ ಒಂದು ಚೂರು ಕೊಟ್ಟರು. ಹಣ್ಣು ಅವರಿಗೆ ಸೇರಲಿಲ್ಲ. ‘ಇದು ನಮ್ಮ ಪಚ್ಚಬಾಳೇನೇ. ಸಪ್ಪೆ.’

ಪಚ್ಚಬಾಳೆಯೇ, ಕ್ಯಾವೆಂಡಿಷ್ ಅನ್ನುವ ಆ ಗುಂಪಿನದ್ದೇ. ಮತ್ತು ಆ ಗುಂಪಿನ ಹೆಸರು ಹುಟ್ಟಿದ್ದು ನಾವು ಕೂತ ಜಾಗದಿಂದ ಕಾಣುವ ಆ ತೋಟದಲ್ಲಿ. ಡ್ಯೂಕ್ ಮನೆತನದ ಹೆಸರು ಕ್ಯಾವೆಂಡಿಷ್. 1830ರ ಸುಮಾರಿಗೆ ಇಲ್ಲಿನ ಮುಖ್ಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್, ಚೀನಾದಿಂದ ಮಾರಿಷಸ್ ದಾರಿಯಾಗಿ ಬಂದ ಒಂದು ಗಿಡ್ಡ ಬಾಳೆಯನ್ನು ಗಾಜಿನ ಮನೆಯಲ್ಲಿ ಬೆಳೆಸಿದ. 1835ರಲ್ಲಿ ಹೂ ಬಿಟ್ಟು, ಮರುವರ್ಷ ಹಣ್ಣಾಯಿತು. ಯಜಮಾನನ ಹೆಸರಿಟ್ಟ. ಇಲ್ಲಿಂದ ಕಂದುಗಳು ಮಿಷನರಿಗಳ ಜೊತೆ ಪೆಸಿಫಿಕ್ ದ್ವೀಪಗಳಿಗೆ ಹೋದವು. ಇಪ್ಪತ್ತನೇ ಶತಮಾನದಲ್ಲಿ ಗ್ರೋಸ್ ಮಿಶೆಲ್ ಅನ್ನುವ ಹಳೆ ತಳಿಯನ್ನು ಪನಾಮಾ ರೋಗ ತಿಂದುಹಾಕಿತು. ಆ ಜಾಗಕ್ಕೆ ಕ್ಯಾವೆಂಡಿಷ್ ಗುಂಪು ಬಂತು. ಈಗ ದೇಶ ದೇಶಗಳಿಗೆ ಹಡಗಿನಲ್ಲಿ ಹೋಗುವ ಬಾಳೆ ಹೆಚ್ಚುಕಮ್ಮಿ ಎಲ್ಲವೂ ಇದೇ. ತಿಪಟೂರಿನ ಬೀಡಾ ಅಂಗಡಿಯಲ್ಲಿ ನೇತಾಡುವ ಹಸಿರು ಸಿಪ್ಪೆಯ ಗೊನೆಯೂ ಆ ಗುಂಪಿನದೇ.

ಅಮ್ಮ ಕೇಳಿಸಿಕೊಂಡರು. ‘ಹಂಗಾದ್ರೆ ಏಲಕ್ಕಿ ಬಾಳೆ ನೋಡೇ ಇರಲಿಲ್ಲ ಆ ಪುಣ್ಯಾತ್ಮ’ ಅಂದರು.

ಪ್ಯಾಕ್ಸ್‌ಟನ್ ಕಥೆ ನನಗೆ ಬಲು ಇಷ್ಟ. ರೈತನ ಮಗ. 1826ರ ಮೇ ತಿಂಗಳಲ್ಲಿ ಬೆಳಗಿನ ನಾಲ್ಕೂವರೆಗೆ ಇಲ್ಲಿಗೆ ಬಂದಿಳಿದ. ಯಾರೂ ಎದ್ದಿರಲಿಲ್ಲ, ಗೇಟು ಹತ್ತಿ ಒಳಗೆ ಹಾರಿದ. ತೋಟವೆಲ್ಲ ಸುತ್ತಿದ, ಆರು ಗಂಟೆಗೆ ಆಳುಗಳನ್ನು ಕೆಲಸಕ್ಕೆ ಹಚ್ಚಿದ, ಮನೆ ನೋಡಿಕೊಳ್ಳುವ ಹೆಂಗಸಿನ ಜೊತೆ ತಿಂಡಿಗೆ ಕೂತ, ಆಕೆಯ ಅಕ್ಕನ ಮಗಳೋ ತಂಗಿಯ ಮಗಳೋ, ಸಾರಾಳನ್ನು ನೋಡಿ ಮನಸೋತ. ಎಲ್ಲ ಒಂಬತ್ತು ಗಂಟೆಯೊಳಗೆ. ಮುಂದಿನ ವರ್ಷ ಮದುವೆ. ಇವನೇ ಆಮೇಲೆ ಲಂಡನ್ನಿನಲ್ಲಿ 1851ರ ಕ್ರಿಸ್ಟಲ್ ಪ್ಯಾಲೇಸ್ ಅನ್ನುವ ಗಾಜಿನ ಮಹಾಕಟ್ಟಡ ಕಟ್ಟಿದವನು. ಆ ಗಾಜಿನ ಪಾಠ ಕಲಿತದ್ದು ಇಲ್ಲೇ. ಡ್ಯೂಕನ ಗಿಡಗಳ ಹುಚ್ಚಿಗಾಗಿ ಗಿಬ್ಸನ್ ಅನ್ನುವ ತೋಟಗಾರ 1835ರಲ್ಲಿ ಕಲ್ಕತ್ತೆಗೆ ಹಡಗು ಹತ್ತಿದ. ಖಾಸಿ ಬೆಟ್ಟಗಳನ್ನು ಸುತ್ತಿ ರಾಶಿ ಆರ್ಕಿಡ್ ತಂದ. ಅಂಥ ಗಿಡಗಳಿಗೆ ಪ್ಯಾಕ್ಸ್‌ಟನ್ ಕಟ್ಟಿದ ಮಹಾ ಗಾಜಿನ ಮನೆಯೊಳಗೆ ಸಾರೋಟು ಓಡಿಸಬಹುದಿತ್ತು. 1843ರಲ್ಲಿ ವಿಕ್ಟೋರಿಯಾ ರಾಣಿ ಬಂದಾಗ 12,000 ದೀಪ ಹಚ್ಚಿದ್ದರು. ಬಿಸಿ ಮಾಡಲು ನೆಲದಡಿಯಲ್ಲಿ ಬಾಯ್ಲರುಗಳು, ಕಲ್ಲಿದ್ದಲು ತರಲು ಸುರಂಗ. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲೂ ಇಲ್ಲ, ಆಳೂ ಇಲ್ಲ. ಗಿಡಗಳು ಸತ್ತವು. 1920ರಲ್ಲಿ ಸಿಡಿಮದ್ದು ಇಟ್ಟು ಕೆಡವಿದರು. ಈಗ ಅಲ್ಲಿ ಯೂ ಅನ್ನುವ ಗಿಡಗಳ ಬೇಲಿಯ ಚಕ್ರವ್ಯೂಹ ಇದೆ. ರಾಗಿ ಅದರೊಳಗೆ ಕಣ್ಣಿಗಿಂತ ಮೂಗಿಗೆ ಕೆಲಸ ಕೊಟ್ಟಳು, ನಾವು ಅವಳ ಹಿಂದೆ. ಹೊರಗೆ ಬರುವ ದಾರಿ ತೋರಿಸಿದಳು ಅಂತ ಹೊಗಳೋಣವೆಂದರೆ, ಅವಳು ಹೋದದ್ದು ಯಾರೋ ಬೀಳಿಸಿದ್ದ ಸ್ಯಾಂಡ್‌ವಿಚ್ ತುಂಡಿನ ಹತ್ತಿರ.

ಮಧ್ಯಾಹ್ನದ ಮೇಲೆ ಅಮ್ಮ ಒಂದು ಪ್ರಶ್ನೆ ಕೇಳಿದರು. ‘ಇಷ್ಟು ಭೂಮಿ ಇವರ ಹತ್ರ ಹೆಂಗೆ ಉಳೀತೇ? ಯಾರೂ ಕಿತ್ಕೊಳ್ಳಲಿಲ್ವಾ?’ ಆ ಪ್ರಶ್ನೆ ಸುಮ್ನೆ ಬಂದದ್ದಲ್ಲ. ನಮ್ಮ ತಾತನ ಗೇಣಿ ಜಮೀನು 1974ರ ಭೂಸುಧಾರಣೆ ಕಾನೂನಿನಲ್ಲಿ ಉಳುವವರಿಗೆ ಹೋಗಿತ್ತು. ಅಮ್ಮನಿಗೆ ಆಗ ಮದುವೆಯ ವಯಸ್ಸು. ಹೋದದ್ದು ಸರಿಯೇ ಅಂತ ಅವರೇ ಹೇಳುತ್ತಾರೆ, ಆದರೂ ಲೆಕ್ಕ ಮರೆತಿಲ್ಲ.

ಇಲ್ಲಿ ಉಳುವವನಿಗೆ ಕೊಡಲಿಲ್ಲ, ಸಾವಿನ ಮೇಲೆ ತೆರಿಗೆ ಹಾಕಿದರು. ಹತ್ತನೇ ಡ್ಯೂಕ್ ಆಸ್ತಿಯನ್ನು ಮಗನಿಗೆ ವರ್ಗ ಮಾಡಿದ್ದ. ಆಮೇಲೆ ಐದು ವರ್ಷ ಬದುಕಿದ್ದರೆ ತೆರಿಗೆ ಇರುತ್ತಿರಲಿಲ್ಲ. 1950ರ ನವೆಂಬರಿನಲ್ಲಿ, ಗಡುವಿಗೆ ಇನ್ನು 14 ವಾರ ಇದೆ ಅನ್ನುವಾಗ ತೀರಿಕೊಂಡ. ಶೇಕಡಾ 80 ತೆರಿಗೆ. ಸಾವಿರಾರು ಎಕರೆ ಮಾರಿದರು, ದೊಡ್ಡ ದೊಡ್ಡ ಚಿತ್ರಗಳನ್ನು ಕೊಟ್ಟರು, ಹಾರ್ಡ್‌ವಿಕ್ ಹಾಲ್ ಅನ್ನುವ ಇನ್ನೊಂದು ಹಳೆಯ ಮನೆಯನ್ನೇ ಬಿಟ್ಟುಕೊಟ್ಟರು. 1981ರಲ್ಲಿ ಈ ಮನೆಯನ್ನು ಒಂದು ಟ್ರಸ್ಟಿಗೆ ವಹಿಸಿದರು. ಈಗಿನ ಮನೆಯವರು ತಮ್ಮ ಕೋಣೆಗಳಿಗೆ ಬಾಡಿಗೆ ಕಟ್ಟುತ್ತಾರೆ.

‘ಅವರ ಮನೆಗೆ ಅವರೇ ಬಾಡಿಗೆ!’ ಅಮ್ಮನಿಗೆ ಅದು ಚಿನ್ನದ ಕಿಟಕಿಗಿಂತ ರುಚಿಸಿತು. ಸಂಜೆ ಊರಿಗೆ ಫೋನ್ ಮಾಡಿದಾಗ ಮಾವನಿಗೆ ಮೊದಲು ಹೇಳಿದ್ದೇ ಇದನ್ನು. ಹಾಗಂತ ಅವರು ಬಡವರಾಗಿಬಿಟ್ಟರು ಅಂತ ಯಾರೂ ತಿಳಿಯಬೇಕಿಲ್ಲ, ಸುತ್ತಲಿನ ಜಮೀನು, ಹಳ್ಳಿ, ಅಂಗಡಿ ನೋಡಿದರೆ ಗೊತ್ತಾಗುತ್ತೆ.

ಕಾಡಿನ ಕಡೆಗೆ ಅಮ್ಮ ಬರಲಿಲ್ಲ. ಗುಡ್ಡದ ಮೇಲೆ 1580ರ ದಶಕದ ಬೇಟೆ ಗೋಪುರ ಇದೆ, ದಾರಿ ಕಡಿದು. ನಾನು, ರಾಗಿ ಅರ್ಧ ಹತ್ತಿ ಇಳಿದೆವು. ಜಿಂಕೆಗಳು ಕಂಡದ್ದು ಇಳಿಯುವಾಗ, ದೂರದಲ್ಲಿ. ಜೂನ್ ಹೊತ್ತಿಗೆ ಮರಿ ಹಾಕುತ್ತವೆ, ಶರತ್ಕಾಲದಲ್ಲಿ ಗಂಡುಗಳು ಕಾದಾಡುತ್ತವೆ. ಎರಡೂ ಕಾಲದಲ್ಲಿ ನಾಯಿ ಹಿಡಿದುಕೊಂಡು ಹತ್ತಿರ ಹೋಗಲೇಬಾರದು.

ವಾಪಸು ಬಸ್ಸಿನಲ್ಲಿ ರಾಗಿ ಅಮ್ಮನ ಚಪ್ಪಲಿ ಮೇಲೆ ತಲೆಯಿಟ್ಟು ಗೊರಕೆ ಹೊಡೆದಳು. ಅಮ್ಮ ಕಾಲು ಎಳೆದುಕೊಳ್ಳಲಿಲ್ಲ.

ಮನೆಗೆ ಬಂದ ಮೇಲೆ ಒಂದು ಕೆಲಸ ಬಾಕಿ ಇರುತ್ತೆ. ಜಿಂಕೆ, ಕುರಿ ಓಡಾಡುವ ಹುಲ್ಲಿನಲ್ಲಿ ತಿರುಗಿದ ನಾಯಿಗೆ ಉಣುಗು ಹತ್ತಿರುತ್ತದೆ. ಇಲ್ಲಿ ಅದರಿಂದ ಲೈಮ್ ರೋಗ ಬರುತ್ತದೆ. ಮಂಗನ ಕಾಯಿಲೆ ಕಂಡ ನಮ್ಮ ಮಲೆನಾಡಿನವರಿಗೆ ಉಣುಗಿನ ಭಯ ವಿವರಿಸಿ ಹೇಳಬೇಕಿಲ್ಲ. ಕಿವಿಯೊಳಗೆ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಬೆರಳಾಡಿಸಿ ನೋಡಬೇಕು. ರಾಗಿಯ ಎಡಗಿವಿ ಹಿಂದೆ ಒಂದು ಸಿಕ್ಕಿತು, ಎಳ್ಳಿನಷ್ಟು.

‘ಸೀಮೆಎಣ್ಣೆ ಹಚ್ಚು, ತಾನೇ ಬೀಳುತ್ತೆ. ನಮ್ಮ ಎಮ್ಮೆಗೆ ಹಂಗೇ ಮಾಡ್ತಿದ್ವಿ’ ಅಂದರು ಅಮ್ಮ.

ಎಣ್ಣೆ ಹಚ್ಚಬಾರದು, ಚಿವುಟಬಾರದು ಅನ್ನುತ್ತಾರೆ ಇಲ್ಲಿನ ಡಾಕ್ಟರುಗಳು. ಹಾಗೆ ಮಾಡಿದರೆ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಕ್ಕೇ ಕಕ್ಕಬಹುದು. ಕೊಕ್ಕೆಯನ್ನು ಚರ್ಮಕ್ಕೆ ತಾಗಿಸಿ ಉಣುಗಿನ ಅಡಿಗೆ ತೂರಿಸಿ, ಮೆಲ್ಲಗೆ ತಿರುಗಿಸಬೇಕು. ನಾನು ತಿರುಗಿಸಿದೆ, ಅಮ್ಮ ಕನ್ನಡಕ ಹಾಕಿಕೊಂಡು ರಾಗಿಯ ಕಿವಿ ಮಡಚಿ ಹಿಡಿದರು. ತಲೆ ಸಮೇತ ಬಂತು. ಅದನ್ನು ಟಿಶ್ಯೂನಲ್ಲಿ ಸುತ್ತುವಷ್ಟರಲ್ಲಿ ಅಮ್ಮ ಇನ್ನೊಂದು ಕಿವಿ ಮಡಚಿ ಹುಡುಕಲು ಶುರು ಮಾಡಿದ್ದರು.